ಹುಷಾರಾಗಿರುವ ದಿನವೇ ಹುಷಾರಾಗಿರಬೇಕು: ದೀರ್ಘಕಾಲದ ಕಾಯಿಲೆ ಇರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಕೀಲುಗಳು ಊದಿ ನೋಯುವ ಒಂದು ಬಗೆಯ ಗಂಟುನೋವು ಇದೆ ಅಂತ ಗೊತ್ತಾಗಿದ್ದು 2011ರಲ್ಲಿ. ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡಿಗೆ ನಮ್ಮ ಮೆಟ್ರೋ ಮೊದಲ ಸಲ ಓಡಿದ ವರ್ಷ ಅದು. ಊರೆಲ್ಲ ರೈಲು ನೋಡಲು ಹೊರಟಿದ್ದಾಗ, ಕಾಫಿ ಫಿಲ್ಟರಿನ ಮೇಲಿನ ಡಬ್ಬಿಯನ್ನು ಕೆಳಗಿನದರಿಂದ ಬಿಡಿಸಲು ನನ್ನ ಬೆರಳುಗಳಿಗೆ ಆಗುತ್ತಿರಲಿಲ್ಲ. ಆಮೇಲೆ ಥೈರಾಯ್ಡ್ ಕೂಡ ಸೇರಿಕೊಂಡಿತು. ಮನೆಯವರಿಗೆ ಶುಗರ್, ಬಿಪಿ ಇದೆ. ಇಷ್ಟು ವರ್ಷಗಳಲ್ಲಿ ರಕ್ತ ಪರೀಕ್ಷೆಯ ಸಾಲಿನಲ್ಲಿ, ಬಸವನಗುಡಿಯ ಪಾರ್ಕಿನಲ್ಲಿ, ನೆಂಟರ ಮದುವೆಗಳಲ್ಲಿ ಸಿಕ್ಕವರು ನನ್ನನ್ನು ಕೇಳಿದ ಪ್ರಶ್ನೆಗಳು ಇವು. ನಾನು ಡಾಕ್ಟರ್ ಅಲ್ಲ. ಮಾತ್ರೆ ಜಾಸ್ತಿ ಕಮ್ಮಿ ಮಾಡುವುದೇನಿದ್ದರೂ ನಿಮ್ಮ ಡಾಕ್ಟರನ್ನೇ ಕೇಳಬೇಕು. ಅವರ ಬಳಿ ಹೋಗುವವರೆಗೂ, ಹೋಗಿ ಬಂದ ಮೇಲೂ ಮನೆಯಲ್ಲಿ ನಾವು ಏನೇನು ಮಾಡಿಕೊಳ್ಳುತ್ತೇವೆ ಅನ್ನುವುದಷ್ಟೇ ಇಲ್ಲಿನ ವಿಷಯ. ಎಷ್ಟೋ ಸಲ ನಮಗೆ ನಾವೇ ಅಡ್ಡಗಾಲು ಹಾಕಿಕೊಳ್ಳುತ್ತೇವೆ ಅಂತ ನಾನು ಹೇಳುತ್ತಿರುತ್ತೇನೆ. ಮೊದಲ ಪ್ರಶ್ನೆ ಹುಟ್ಟಿದ್ದು ಅದರಿಂದಲೇ.

ನಮಗೆ ನಾವೇ ಅಡ್ಡಗಾಲು ಹಾಕಿಕೊಳ್ಳುತ್ತೇವೆ ಅಂತೀರಲ್ಲ, ಬೇಕು ಅಂತ ಯಾರಾದರೂ ಕಾಯಿಲೆ ಜಾಸ್ತಿ ಮಾಡಿಕೊಳ್ಳುತ್ತಾರಾ?

ಇಲ್ಲ. ಒಬ್ಬರೂ ಇಲ್ಲ.

ಮಾತ್ರೆ ಬಿಡುವುದು, ನೋವು ಮುಚ್ಚಿಡುವುದು, ರಾತ್ರಿ ಒಂದು ಗಂಟೆವರೆಗೆ ಮೊಬೈಲ್ ನೋಡುವುದು, ಒಂದೇ ದಿನದಲ್ಲಿ ಮನೆಯೆಲ್ಲ ತೊಳೆದು ಮುಗಿಸುವುದು. ಹೊರಗಿನಿಂದ ನೋಡಿದರೆ ಇವೆಲ್ಲ ಬೇಜವಾಬ್ದಾರಿ ಅನ್ನಿಸುತ್ತವೆ. ಹತ್ತಿರದಿಂದ ನೋಡಿದರೆ ಪ್ರತಿಯೊಂದರ ಹಿಂದೆಯೂ ಒಂದು ಭಯವೋ, ಒಂದು ಮರ್ಯಾದೆಯ ಪ್ರಶ್ನೆಯೋ ಇರುತ್ತದೆ. ನೋವು ಮುಚ್ಚಿಟ್ಟಿದ್ದರಿಂದಲೇ ಒಬ್ಬಳ ಕೆಲಸ ಉಳಿದಿರಬಹುದು. ಮಾತ್ರೆ ಬಿಟ್ಟ ಹತ್ತು ದಿನ ಒಬ್ಬರಿಗೆ 'ನಾನು ರೋಗಿಯಲ್ಲ' ಅನ್ನಿಸಿರಬಹುದು. ಆ ಅಭ್ಯಾಸ ನಿಮ್ಮನ್ನು ಯಾವುದರಿಂದ ಕಾಪಾಡುತ್ತಿದೆ ಅಂತ ಮೊದಲು ನೋಡಿ. ಬೈದುಕೊಳ್ಳುವುದರಿಂದ ಅದು ಬಿಡುವುದಿಲ್ಲ. ನಾನು ವರ್ಷಗಟ್ಟಲೆ ಬೈದುಕೊಂಡು ನೋಡಿದ್ದೇನೆ.

ಇನ್ನೊಂದು ಮಾತು. ನಾವು ಎಡವುವುದು ನೋವಿರುವ ದಿನ ಅಲ್ಲವೇ ಅಲ್ಲ. ಆವತ್ತು ಮಾತ್ರೆ ಮರೆಯುವುದಿಲ್ಲ, ಜಾಸ್ತಿ ಕೆಲಸವನ್ನೂ ಮೈಮೇಲೆ ಹಾಕಿಕೊಳ್ಳುವುದಿಲ್ಲ. ಎಡವುವುದು ಚೆನ್ನಾಗಿರುವ ದಿನ. ನಮ್ಮ ಭಾಷೆಯಲ್ಲಿ ಗುಣವಾಗುವುದಕ್ಕೂ ಎಚ್ಚರವಾಗಿರುವುದಕ್ಕೂ 'ಹುಷಾರು' ಅನ್ನುವ ಒಂದೇ ಮಾತಿದೆ. ನನಗಂತೂ ಅದು ಸುಮ್ನೆ ಆಗಿದ್ದಲ್ಲ ಅನ್ನಿಸುತ್ತದೆ.

ಹಾಗಾದರೆ ಕಾಯಿಲೆ ಬಂದಿದ್ದು ನನ್ನ ತಪ್ಪಿನಿಂದಲೇ?

'ಊಟ ಬಲ್ಲವನಿಗೆ ರೋಗವಿಲ್ಲ' ಅಂತ ಹೇಳಿ ಎಷ್ಟೋ ಜನ ನಮ್ಮ ಬಾಯಿ ಮುಚ್ಚಿಸುತ್ತಾರೆ. ಇನ್ನು ಕೆಲವರದು 'ಮಾಡಿದ್ದುಣ್ಣೋ ಮಹಾರಾಯ'. ನನ್ನ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುತ್ತದೆ. ಊಟದ ತಪ್ಪಿನಿಂದ ಬಂದಿದ್ದಲ್ಲ. ಚಿಕ್ಕ ಮಕ್ಕಳಿಗೆ ಟೈಪ್ 1 ಡಯಾಬಿಟಿಸ್ ಬರುತ್ತದಲ್ಲ, ಆ ಮಗು ಏನು ತಪ್ಪು ಮಾಡಿರುತ್ತದೆ?

ಬೀಡಿ ಸಿಗರೇಟಿನಂಥ ಕೆಲವು ಅಭ್ಯಾಸಗಳು ಅಪಾಯ ಜಾಸ್ತಿ ಮಾಡುವುದು ನಿಜ. ರುಮಟಾಯ್ಡ್ ಇದ್ದು ಸಿಗರೇಟ್ ಸೇದುವವರಲ್ಲಿ ಔಷಧಿ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಬಿಟ್ಟರೆ ಒಳ್ಳೆಯದು. ಆದರೆ ಕಾಯಿಲೆ ಯಾಕೆ ಬಂತು ಅನ್ನುವುದು ಬೇರೆ, ಇವತ್ತು ಸಂಜೆ ನಾನೇನು ಮಾಡಬಹುದು ಅನ್ನುವುದು ಬೇರೆ. ಎರಡನ್ನೂ ಸೇರಿಸಿಕೊಂಡು ಕೊರಗಬೇಡಿ.

ಈಗ ನೋವಿಲ್ಲ, ಶುಗರ್ ನಾರ್ಮಲ್, ಬಿಪಿ ನಾರ್ಮಲ್. ಇನ್ನೂ ಮಾತ್ರೆ ಯಾಕೆ?

ಎಲ್ಲರೂ ಕೇಳುವ ಪ್ರಶ್ನೆ ಇದು. ನಾರ್ಮಲ್ ಬಂದಿರುವುದು ಮಾತ್ರೆ ತೆಗೆದುಕೊಳ್ಳುತ್ತಿರುವುದರಿಂದ. ಕೊಡೆ ಹಿಡಿದಿದ್ದೀರಿ, ಅದಕ್ಕೇ ನೆನೆಯುತ್ತಿಲ್ಲ. ಮಳೆ ಇನ್ನೂ ನಿಂತಿಲ್ಲ. ಬಿಪಿ ಏರಿದರೂ ಎಷ್ಟೋ ಸಲ ಮೈಯಲ್ಲಿ ಏನೂ ಗೊತ್ತಾಗುವುದಿಲ್ಲ. ತಲೆನೋವು ಬಂದಾಗ ಮಾತ್ರ ಮಾತ್ರೆ ನುಂಗಿದರೆ ಸಾಕು ಅಂದುಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇದು ನಮ್ಮ ಬೆಂಗಳೂರಿನ ಸಮಸ್ಯೆ ಮಾತ್ರ ಅಲ್ಲ. ದೀರ್ಘಕಾಲದ ಕಾಯಿಲೆಯವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಔಷಧಿಯನ್ನು ಹೇಳಿದ ಹಾಗೆ ತೆಗೆದುಕೊಳ್ಳುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ವರದಿ ಮಾಡಿತ್ತು. ಅದೂ ಮುಂದುವರಿದ ದೇಶಗಳ ಲೆಕ್ಕ.

ಕೆಲವು ಮಾತ್ರೆಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡನ್ನು ಕೆಲವು ವಾರಕ್ಕಿಂತ ಹೆಚ್ಚು ತೆಗೆದುಕೊಂಡಿದ್ದರೆ ದಿಢೀರ್ ಅಂತ ನಿಲ್ಲಿಸಲೇಬಾರದು. ಅಷ್ಟರಲ್ಲಿ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯವಾಗಬಹುದು. ಡಾಕ್ಟರು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ. ನಮ್ಮ ಗಂಟುನೋವಿಗೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದು ದಿನದ ಮಾತ್ರೆ. ತಪ್ಪಿ ದಿನಾ ನುಂಗಿದರೆ ತುಂಬಾ ಅಪಾಯ. ಅದರ ಪರಿಣಾಮ ಕಾಣಲು ಆರರಿಂದ ಹನ್ನೆರಡು ವಾರ ಬೇಕು. 'ಮೂರು ವಾರ ತಗೊಂಡೆ, ಏನೂ ಆಗಲಿಲ್ಲ, ಬಿಟ್ಟೆ' ಅನ್ನುವವರು ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಎದ್ದು ಹೋದ ಹಾಗೆ.

ನಾನು ಮಾಡಿಕೊಂಡಿರುವ ವ್ಯವಸ್ಥೆ ಹೇಳುತ್ತೇನೆ. ಏಳು ಮನೆಯ ಪ್ಲಾಸ್ಟಿಕ್ ಡಬ್ಬಿ. ಭಾನುವಾರ ಸಂಜೆ ಕೂತು ತುಂಬಿಸುತ್ತೇನೆ. ಬುಧವಾರದ ಮನೆಗೆ ಕೆಂಪು ನೇಲ್ ಪಾಲಿಶ್ ಹಚ್ಚಿದ್ದೇನೆ, ಮೆಥೊಟ್ರೆಕ್ಸೇಟ್ ಆವತ್ತೇ. ಡಬ್ಬಿ ಇರುವುದು ದೇವರ ಗೂಡಿನ ಕೆಳಗೆ. ದೀಪ ಹಚ್ಚುವಾಗ ಕಣ್ಣಿಗೆ ಬೀಳಲೇಬೇಕು.

ದುಡ್ಡಿಗೆ ಕಷ್ಟವಾಗಿ ಬಿಡುತ್ತಿದ್ದರೆ ಅದು ಬೇರೆಯೇ ಮಾತು. ಆಗ ಅದನ್ನು ಅಭ್ಯಾಸದ ತಪ್ಪು ಅನ್ನಬಾರದು. ಜನೌಷಧಿ ಕೇಂದ್ರಗಳಲ್ಲಿ ಬಿಪಿ, ಶುಗರ್ ಮಾತ್ರೆಗಳು ತುಂಬಾ ಕಡಿಮೆ ಬೆಲೆಗೆ ಸಿಗುತ್ತವೆ. 'ಇಷ್ಟು ದುಬಾರಿ ನನ್ನ ಕೈಲಿ ಆಗಲ್ಲ, ಬೇರೆ ಏನಿದೆ?' ಅಂತ ಡಾಕ್ಟರನ್ನು ನೇರವಾಗಿ ಕೇಳಿ.

ಮೈ ಹಗುರಾಗಿರುವ ದಿನ ಬಾಕಿ ಕೆಲಸವನ್ನೆಲ್ಲ ಮುಗಿಸಿಕೊಂಡರೆ ತಪ್ಪೇನು?

ಇದಕ್ಕೆ ನನ್ನದೇ ಕಥೆ ಹೇಳಬೇಕು.

ಔಷಧಿ ಶುರುವಾದ ಮಾರನೇ ವರ್ಷ. ಗೌರಿ ಹಬ್ಬಕ್ಕೆ ಎರಡು ದಿನ ಇತ್ತು. ಬೆಳಿಗ್ಗೆ ಎದ್ದರೆ ಮುಷ್ಟಿ ಪೂರ್ತಿ ಮುಚ್ಚಿತು, ನೋವೇ ಇಲ್ಲ. ಎಷ್ಟು ತಿಂಗಳಾಗಿತ್ತೋ. ಸಂತೋಷಕ್ಕೆ ಅಳು ಬಂತು. ತಕ್ಷಣ ಸೊಂಟಕ್ಕೆ ಸೆರಗು ಸಿಕ್ಕಿಸಿದೆ. ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳನ್ನೆಲ್ಲ ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜಿದೆ. ಗಾಂಧಿ ಬಜಾರಿಗೆ ಹೋಗಿ ಹೂವು, ಬಾಳೆ ಕಂದು, ಬಾಗಿನದ ಮೊರ ಎಲ್ಲ ತಂದೆ, ಎರಡೂ ಕೈಗೆ ಚೀಲ. ಸಂಜೆ ಕಾಯಿ ತುರಿದು ಹೂರಣ ಮಾಡಿದೆ. 'ಅಮ್ಮ, ಸಾಕು ಕೂತ್ಕೋ' ಅಂತ ಮಗಳು ನಾಲ್ಕು ಸಲ ಹೇಳಿದಳು. 'ಆಗ್ತಿದೆ ಕಣೇ, ಆಗೋವಾಗ ಮಾಡ್ಕೋತೀನಿ' ಅಂದೆ.

ಹಬ್ಬದ ದಿನ ಬೆಳಿಗ್ಗೆ ಮಣಿಕಟ್ಟು ಬಿಸಿಯಾಗಿ ಊದಿಕೊಂಡಿತ್ತು. ಅತ್ತೆಗೆ ಮೊರದ ಬಾಗಿನ ಕೊಡಬೇಕು, ಮೊರ ಎತ್ತಲು ಆಗಲಿಲ್ಲ. ನಾನು ಸೆರಗು ಹಿಡಿದೆ, ಮಗಳು ಕೆಳಗಿನಿಂದ ಮೊರ ಹಿಡಿದುಕೊಂಡಳು. ಆಮೇಲೆ ಹನ್ನೊಂದು ದಿನ ನನ್ನ ತಲೆ ನಾನೇ ಬಾಚಿಕೊಳ್ಳಲಿಲ್ಲ.

'ಆಗೋವಾಗ ಮಾಡ್ಕೋತೀನಿ' ಅನ್ನುವ ಆ ಮಾತೇ ನಮ್ಮನ್ನು ಕೆಡಿಸುವುದು. ಅದರ ಒಳಗೆ ಒಂದು ಸಾಲದ ಲೆಕ್ಕ ಇದೆ. ಇಷ್ಟು ದಿನ ಮನೆಯವರಿಗೆ ಹೊರೆಯಾಗಿದ್ದೆ, ಇವತ್ತು ತೀರಿಸಿಬಿಡುತ್ತೇನೆ ಅನ್ನುವ ಲೆಕ್ಕ. ಆ ಸಾಲವನ್ನು ಯಾರೂ ಕೇಳಿರಲಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಮ್ಮ ಕಷ್ಟ ಏನೆಂದರೆ ಹಾಸಿಗೆಯ ಉದ್ದ ದಿನಾ ಬದಲಾಗುತ್ತದೆ. ಅದಕ್ಕೆ ನಾನು ಮಾಡಿದ್ದು ಇಷ್ಟು. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಏನು ಕೆಲಸ ಮಾಡಿದೆ, ಮಾರನೇ ದಿನ ಹೇಗಿತ್ತು ಅಂತ ಬರೆದಿಟ್ಟೆ. ಎಷ್ಟು ಮಾಡಿದರೆ ಮಾರನೇ ದಿನ ನೋವು ಏರುವುದಿಲ್ಲ ಅಂತ ಗೊತ್ತಾಯಿತು. ಚೆನ್ನಾಗಿರುವ ದಿನವೂ ಅದಕ್ಕಿಂತ ಸ್ವಲ್ಪ ಮಾತ್ರ ಜಾಸ್ತಿ. 'ಇನ್ನೂ ಮಾಡಬಹುದು' ಅನ್ನಿಸುತ್ತಿರುವಾಗಲೇ ಕೆಳಗಿಡಬೇಕು. ಮೊದಮೊದಲು ಇದು ತುಂಬಾ ಕಷ್ಟ. ಹುರುಳಿಕಾಯಿ ಕೂತು ಹೆಚ್ಚುತ್ತೇನೆ, ಇಪ್ಪತ್ತು ನಿಮಿಷಕ್ಕೆ ಮೊಬೈಲಿನಲ್ಲಿ ಗಂಟೆ ಹೊಡೆಯುತ್ತದೆ, ಎದ್ದು ಕೈ ಸಡಿಲ ಮಾಡುತ್ತೇನೆ. ಹಿತ್ತಾಳೆ ಪಾತ್ರೆಗಳು ಈಗ ಒಂದು ವಾರ ಮುಂಚೆಯೇ, ದಿನಕ್ಕೆ ಎರಡರಂತೆ ಹೊಳೆಯುತ್ತವೆ.

ದೀರ್ಘ ಸುಸ್ತಿನ ಕಾಯಿಲೆ, ಅಂದರೆ ಎಂಇ/ಸಿಎಫ್ಎಸ್ ಇರುವವರು ಇನ್ನೂ ಜಾಗ್ರತೆ ಮಾಡಬೇಕು. ಅವರಿಗೆ ಇವತ್ತಿನ ಶ್ರಮದ ಪೆಟ್ಟು ಒಂದೆರಡು ದಿನ ಬಿಟ್ಟು ಬೀಳುತ್ತದೆ. ವ್ಯಾಯಾಮವನ್ನು ಹಂತಹಂತವಾಗಿ ಹೆಚ್ಚಿಸುತ್ತಾ ಹೋಗುವ ಚಿಕಿತ್ಸೆಯನ್ನು ಅವರಿಗೆ ಕೊಡಬಾರದು ಅಂತ ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಹೇಳಿದೆ. 'ಮನಸ್ಸು ಮಾಡಿದರೆ ಆಗುತ್ತೆ' ಅನ್ನುವ ನೆಂಟರಿಗೆ ಇದನ್ನು ತಿಳಿಸಿ.

ಹಾಗಾದರೆ ಪೂರ್ತಿ ರೆಸ್ಟ್ ತಗೊಳ್ಳೋದೇ ವಾಸಿ ಅಲ್ವಾ?

ಗಂಟುನೋವು, ಶುಗರ್, ಬಿಪಿ ಇರುವವರಿಗೆ ಅಲ್ಲ. ನೋವಿಗೆ ಹೆದರಿ ಕೈಕಾಲು ಆಡಿಸದಿದ್ದರೆ ಸ್ನಾಯು ಸೊರಗುತ್ತದೆ, ಕೀಲು ಬಿಗಿಯುತ್ತದೆ. ಆಮೇಲೆ ಸಣ್ಣ ಕೆಲಸಕ್ಕೂ ನೋವು. ಊತ ಇರುವಾಗ ವಿಶ್ರಾಂತಿ, ಇಳಿದ ಮೇಲೆ ನಿಧಾನವಾಗಿ ನಡಿಗೆ. ಲಾಲ್‌ಬಾಗನ್ನು ಪೂರ್ತಿ ಸುತ್ತಬೇಕು ಅಂತೇನಿಲ್ಲ. ಕೆರೆಯವರೆಗೆ ಹೋಗಿ ಬೆಂಚಿನ ಮೇಲೆ ಕೂತು ಬಂದರೂ ಅದು ನಡಿಗೆಯೇ.

ಎದ್ದ ತಕ್ಷಣ ಕಾಫಿ ಇಲ್ಲದೆ ಆಗಲ್ಲ. ಥೈರಾಯ್ಡ್ ಮಾತ್ರೆ ಅದರ ಜೊತೆಗೇ ನುಂಗಬಹುದಾ?

ಬೇಡ. ಕಾಫಿ ಜೊತೆ ನುಂಗಿದರೆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಬರೀ ಹೊಟ್ಟೆಯಲ್ಲಿ ನೀರಿನ ಜೊತೆ ತಗೊಂಡು ಅರ್ಧದಿಂದ ಒಂದು ಗಂಟೆ ಬಿಡಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ ಇರಲಿ. ನಾನು ಹಾಸಿಗೆ ಪಕ್ಕ ಮಾತ್ರೆ, ಒಂದು ಲೋಟ ನೀರು ಇಟ್ಟು ಮಲಗುತ್ತೇನೆ. ಕಣ್ಣು ಬಿಟ್ಟ ಕೂಡಲೇ ನುಂಗಿ, ಸ್ನಾನ ಮುಗಿಸಿ ಬರುವಷ್ಟರಲ್ಲಿ ಡಿಕಾಕ್ಷನ್ ಇಳಿದಿರುತ್ತದೆ. ಕಾಫಿ ಬಿಟ್ಟಿಲ್ಲ.

ಮಾತ್ರೆ ತಪ್ಪಿಸಿದ್ದನ್ನು ಡಾಕ್ಟರಿಗೆ ಹೇಳಲು ಮುಜುಗರ. ಬೈತಾರೆ.

ನನಗೂ ಬೈದಿದ್ದಾರೆ. ಒಬ್ಬ ಡಾಕ್ಟರು ಎಲ್ಲರ ಎದುರು 'ನಿಮ್ಮಂಥವರಿಗೆ ಯಾಕಮ್ಮ ಟ್ರೀಟ್‌ಮೆಂಟು?' ಅಂದಿದ್ದರು. ಆಮೇಲೆ ಎರಡು ವರ್ಷ ಯಾವ ಡಾಕ್ಟರ್ ಕೇಳಿದರೂ 'ಸರಿಯಾಗಿ ತಗೋತಿದೀನಿ ಸರ್' ಅಂತ ಸುಳ್ಳು ಹೇಳಿದೆ. ಅದರ ಫಲ ನೋಡಿ: ಔಷಧಿ ಸಾಲುತ್ತಿಲ್ಲ ಅಂದುಕೊಂಡು ಡೋಸ್ ಏರಿಸಿದರು. ನಾನು ನುಂಗದೇ ಇದ್ದ ಮಾತ್ರೆಗೆ ಇನ್ನೊಂದು ಮಾತ್ರೆ ಸೇರಿತು.

ಪರೀಕ್ಷೆಗೆ ನಾಲ್ಕು ದಿನ ಮುಂಚೆ ಎಲ್ಲ ಸರಿಮಾಡಿಕೊಳ್ಳುವುದೂ ಇದೇ ಜಾತಿ. ಶುಗರಿನ ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ತೋರಿಸುತ್ತದೆ. ನಾಲ್ಕು ದಿನದ ಪಥ್ಯ ಅದರಲ್ಲಿ ಕಾಣುವುದೇ ಇಲ್ಲ.

ಬಾಯಿಬಿಟ್ಟು ಹೇಳಲು ಆಗದಿದ್ದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಾನು ಬರೆದುಕೊಂಡು ಹೋದ ಮೊದಲ ಚೀಟಿ: 'ಹೋದ ತಿಂಗಳು ಎರಡು ವಾರ ಮಾತ್ರೆ ತಗೊಂಡಿಲ್ಲ. ಹೊಟ್ಟೆ ತೊಳಸುತ್ತದೆ. ಅದಕ್ಕೇ ಬಿಟ್ಟೆ.' ಈಗಿನ ಡಾಕ್ಟರು ಓದಿ ಏನೂ ಅನ್ನಲಿಲ್ಲ. ಫೋಲಿಕ್ ಆಸಿಡ್ ಅನ್ನುವ ವಿಟಮಿನ್ ಮಾತ್ರೆ ಬರೆದರು, ಮೆಥೊಟ್ರೆಕ್ಸೇಟನ್ನು ಅದರ ದಿನ ರಾತ್ರಿ ಊಟದ ಮೇಲೆ ತಗೊಳ್ಳಲು ಹೇಳಿದರು. ತೊಳಸುವುದು ಬಹಳ ಮಟ್ಟಿಗೆ ನಿಂತಿತು. ಎರಡು ವರ್ಷದ ಕಷ್ಟ ಎರಡು ಸಾಲಿನ ಚೀಟಿಯಲ್ಲಿ ಮುಗಿಯಿತು. ಬೈಯುವ ಡಾಕ್ಟರೇ ಆಗಿದ್ದರೆ ಬೇರೆಯವರನ್ನು ಹುಡುಕಿ, ಫೈಲ್ ಜೊತೆಗೇ ಹೋಗಿ.

ಯಾರೋ ನಾಟಿ ಪುಡಿ ಕೊಟ್ಟರು. ನಾಲ್ಕೇ ದಿನಕ್ಕೆ ನೋವು ಮಾಯ. ಮುಂದುವರಿಸಲಾ?

ವರ್ಷಗಳ ಗಂಟುನೋವು ನಾಲ್ಕು ದಿನಕ್ಕೆ ಮಾಯವಾದರೆ ಸಂತೋಷಪಡುವ ಮುಂಚೆ ಅನುಮಾನಪಡಿ. ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಎಷ್ಟೋ ಸಲ ಸಿಕ್ಕಿದೆ, ಕೆಲವುಗಳಲ್ಲಿ ಸೀಸದಂಥ ಲೋಹವೂ. ಮುಖ ಊದುವುದು, ಶುಗರ್ ಏರುವುದು ಆಮೇಲೆ ಬರುತ್ತದೆ. ಆಯುರ್ವೇದ ಬೇಕು ಅಂದರೆ ಓದಿದ, ನೋಂದಣಿ ಇರುವ ವೈದ್ಯರ ಹತ್ತಿರ ಹೋಗಿ, ಈಗಿನ ಮಾತ್ರೆಗಳ ಪಟ್ಟಿ ತೋರಿಸಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವುದೂ ಬೇಡ. ಡೈಕ್ಲೋಫಿನಾಕ್, ಐಬುಪ್ರೊಫೆನ್ ಜಾಸ್ತಿಯಾದರೆ ಹೊಟ್ಟೆ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು.

ಮದುವೆ ಮನೆಯಲ್ಲಿ ಹೋಳಿಗೆ ತಿಂದುಬಿಟ್ಟೆ. ಪಥ್ಯ ಕೆಟ್ಟೇ ಹೋಯಿತಲ್ಲ?

ಒಂದು ಹೋಳಿಗೆಯಿಂದ ಏನೂ ಮುಳುಗಿ ಹೋಗಲಿಲ್ಲ. ಮುಳುಗಿಸುವುದು ಅದರ ಹಿಂದೆ ಬರುವ ಯೋಚನೆ: 'ಹೇಗೂ ಕೆಟ್ಟಿದೆ, ಸೋಮವಾರದಿಂದ ಸರಿಯಾಗಿ ಶುರು ಮಾಡೋಣ.' ಆ ಸೋಮವಾರ ಬರುವಷ್ಟರಲ್ಲಿ ಮೂರು ತಾಂಬೂಲದ ಚೀಲದ ಸಿಹಿ ಖಾಲಿಯಾಗಿರುತ್ತದೆ. ಮುಂದಿನ ಊಟವನ್ನು ಸರಿಯಾಗಿ ಮಾಡಿ, ಅಷ್ಟೇ.

ಎರಡು ಸಣ್ಣ ಮಾತು. ರಾಗಿ ಒಳ್ಳೆಯದು ಅಂತ ಎರಡು ದಪ್ಪ ಮುದ್ದೆ ಉಂಡರೆ ಶುಗರ್ ಏರಿಯೇ ಏರುತ್ತದೆ. ಅದರಲ್ಲೂ ಪಿಷ್ಟ, ಅಂದರೆ ಕಾರ್ಬೋಹೈಡ್ರೇಟ್ ಅಂಶವೇ ಜಾಸ್ತಿ. ಮುದ್ದೆ ಚಿಕ್ಕದಿರಲಿ, ಸೊಪ್ಪಿನ ಸಾರು, ಕಾಳು ಜಾಸ್ತಿ ಇರಲಿ. ಸಂಕಷ್ಟಿ, ಏಕಾದಶಿ ಉಪವಾಸ ಮಾಡುವವರು ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತಗೊಳ್ಳುತ್ತಿದ್ದರೆ ಮೊದಲೇ ಡಾಕ್ಟರನ್ನು ಕೇಳಿ. ಊಟ ಬಿಟ್ಟು ಮಾತ್ರೆ ಮಾತ್ರ ನುಂಗಿದರೆ ಶುಗರ್ ಇಳಿದು ಬೆವರು, ನಡುಕ ಬರುತ್ತದೆ. ಆಗ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಲೇಬೇಕು. ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ.

ರಾತ್ರಿ ನಿದ್ದೆಗೆಟ್ಟರೆ ನೋವು ಜಾಸ್ತಿ ಅಂತ ಗೊತ್ತು. ಆದರೂ ಮೊಬೈಲ್ ಬಿಡಕ್ಕಾಗಲ್ಲ. ಯಾಕೆ?

ಸಿಲ್ಕ್ ಬೋರ್ಡ್ ಸರ್ಕಲ್ಲಿನ ಟ್ರಾಫಿಕ್ ದಾಟಿ ಮನೆ ಸೇರುವಾಗ ಎಂಟೂವರೆ. ಅಡುಗೆ, ಮಕ್ಕಳ ಹೋಮ್‌ವರ್ಕ್ ಮುಗಿಯುವಾಗ ಹನ್ನೊಂದು. ಇಡೀ ದಿನದಲ್ಲಿ ನಿಮ್ಮದು ಅಂತ ಇರುವುದು ಅದರ ನಂತರದ ಹೊತ್ತು ಮಾತ್ರ. ಅದನ್ನು ಬಿಡಿ ಅಂದರೆ ಯಾರು ಬಿಡುತ್ತಾರೆ? ಅದಕ್ಕೆ ಹಗಲಿನಲ್ಲೇ ಒಂದು ಅರ್ಧ ಗಂಟೆ ಕಿತ್ತುಕೊಳ್ಳಿ, ಮನೆಯವರ ಹತ್ತಿರ ಜಗಳ ಮಾಡಿಯಾದರೂ ಸರಿ. ಅದು ಸಿಕ್ಕಿದ ಮೇಲೆ ರಾತ್ರಿ ಮೊಬೈಲನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ ಬರುವುದು ಸುಲಭವಾಗುತ್ತದೆ.

ಆಫೀಸಿನಲ್ಲಿ, ನೆಂಟರಲ್ಲಿ ಕಾಯಿಲೆ ಮುಚ್ಚಿಟ್ಟಿದ್ದೇನೆ. ತಪ್ಪಾ?

ಎಲ್ಲರಿಗೂ ಹೇಳಿಕೊಂಡು ತಿರುಗಬೇಕಿಲ್ಲ. ಮದುವೆಯಾಗದ ಹೆಣ್ಣುಮಕ್ಕಳ ವಿಷಯದಲ್ಲಿ ಜನ ಹೇಗೆ ಮಾತಾಡುತ್ತಾರೆ ಅಂತ ನನಗೂ ಗೊತ್ತು. ಆದರೆ ಒಬ್ಬರಿಗಾದರೂ ಪೂರ್ತಿ ಗೊತ್ತಿರಲಿ. ಮುಚ್ಚಿಡಲು ಬೇಕಾದ ಶಕ್ತಿ ಸಣ್ಣದಲ್ಲ. ನೋವಿದ್ದರೂ ಮೆಟ್ಟಿಲು ಹತ್ತಬೇಕು, ಎಲ್ಲರೆದುರು ಮಾತ್ರೆ ನುಂಗಲು ನಾಚಿ ಡೋಸ್ ತಪ್ಪಿಸಬೇಕು, ಚೆಕಪ್ಪಿಗೆ ರಜ ಕೇಳಲು ಸುಳ್ಳು ಹುಡುಕಬೇಕು.

ಇದರ ತಂಗಿಯೇ 'ಪರವಾಗಿಲ್ಲ ಬಿಡಿ, ನಾನೇ ಮಾಡ್ತೀನಿ' ಅನ್ನುವ ಮಾತು. ನನ್ನ ಓರಗಿತ್ತಿ ಒಮ್ಮೆ ಹೇಳಿದಳು: 'ಅಕ್ಕ, ನೀವು ಕೇಳಲ್ಲ, ನಾವು ಬಂದರೆ ಬೇಡ ಅಂತೀರ. ನಮಗೂ ಬೇಜಾರಾಗುತ್ತೆ.' ಆವತ್ತಿನಿಂದ ಕುಕ್ಕರ್ ಮುಚ್ಚಳ ತೆಗೆಯಲು ಕರೆಯುತ್ತೇನೆ. ಸುಮ್ನೆ 'ಸಹಾಯ ಮಾಡು' ಅಂದರೆ ಯಾರಿಗೂ ಅರ್ಥವಾಗುವುದಿಲ್ಲ. 'ಈ ಮುಚ್ಚಳ ತೆಗಿ' ಅನ್ನಬೇಕು.

ಏನೂ ಬೇಡ ಅನ್ನಿಸುತ್ತೆ. ಮಾತ್ರೆ ನುಂಗಿ ಏನಾಗಬೇಕು ಅನ್ನಿಸುತ್ತೆ.

ಇದನ್ನು ಸೋಮಾರಿತನ ಅಂತ ಅಂದುಕೊಳ್ಳಬೇಡಿ. ದೀರ್ಘಕಾಲದ ಕಾಯಿಲೆ ಇರುವವರಲ್ಲಿ ಖಿನ್ನತೆ ಬೇರೆಯವರಿಗಿಂತ ಜಾಸ್ತಿ, ಅದಕ್ಕೂ ಚಿಕಿತ್ಸೆ ಇದೆ. ಮನಸ್ಸು ಸುಧಾರಿಸಿದರೆ ಮಾತ್ರೆ, ಊಟ, ನಿದ್ದೆ ಎಲ್ಲ ಒಂದೊಂದಾಗಿ ದಾರಿಗೆ ಬರುತ್ತವೆ. 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಊರಿನಲ್ಲೇ ನಿಮ್ಹಾನ್ಸ್ ಇದೆ. ಬಿಟಿಎಂ ಲೇಔಟಿನಲ್ಲಿ ಅವರದೇ ಸೆಂಟರ್ ಫಾರ್ ವೆಲ್ ಬೀಯಿಂಗ್ ಕೂಡ ಇದೆ. ಸಾಯುವ ಯೋಚನೆ ಬರುತ್ತಿದ್ದರೆ ನಾಳೆಗೆ ಇಡಬೇಡಿ. ಪಕ್ಕದಲ್ಲಿರುವವರಿಗೆ ಈಗಲೇ ಹೇಳಿ.

ಮನೆಯವರು ಏನು ಮಾಡಬಹುದು?

'ಮಾತ್ರೆ ತಗೊಂಡ್ಯಾ?' ಅಂತ ಪೊಲೀಸರ ಹಾಗೆ ಕೇಳಬೇಡಿ. ನೀರಿನ ಲೋಟ ತಂದಿಡಿ. ನೋವಿಲ್ಲದ ದಿನ 'ಇವತ್ತು ಚೆನ್ನಾಗಿದ್ದೀಯಲ್ಲ, ಚಕ್ಕುಲಿ ಮಾಡು' ಅನ್ನಬೇಡಿ. ಆವತ್ತೇ ಅವರನ್ನು ಕೂರಿಸಬೇಕು.

ಇಷ್ಟೆಲ್ಲ ಓದಿ ತಲೆ ಕೆಟ್ಟಿತು. ಎಲ್ಲಿಂದ ಶುರು ಮಾಡಲಿ?

ಒಂದನ್ನೇ ಹಿಡಿದುಕೊಳ್ಳಿ, ಎಲ್ಲವನ್ನೂ ಈ ವಾರವೇ ಬದಲಿಸಲು ಹೋಗಬೇಡಿ. ಸ್ಟೀರಾಯ್ಡ್, ಇನ್ಸುಲಿನ್, ಫಿಟ್ಸ್ ಮಾತ್ರೆ, ಹೃದಯದ ಮಾತ್ರೆಗಳಲ್ಲಿ ಯಾವುದನ್ನಾದರೂ ನೀವಾಗಿಯೇ ಬಿಟ್ಟಿದ್ದರೆ ಮೊದಲು ಅದು, ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಅಂಥದ್ದೇನೂ ಇಲ್ಲದಿದ್ದರೆ ಒಂದು ನೋಟ್‌ಬುಕ್ ತಗೊಂಡು ಮೊದಲ ಪುಟದಲ್ಲಿ ಕಳೆದ ಸಲ ಮೈ ಚೆನ್ನಾಗಿದ್ದ ದಿನ ಏನೇನು ಮಾಡಿದಿರಿ ಅಂತ ಬರೆಯಿರಿ. ಅದರ ಕೆಳಗೆ ಮಾರನೇ ದಿನ ಹೇಗಿತ್ತು ಅಂತ. ನನ್ನ ಮೊದಲ ಪುಟದಲ್ಲಿ ಹಿತ್ತಾಳೆ ಪಾತ್ರೆಗಳ ಪಟ್ಟಿ ಇದೆ, ಒಟ್ಟು ಹದಿನಾಲ್ಕು.